ವಂಶದಲ್ಲಿ ಬರುವ ಕಾಯಿಲೆ: ಜೀವಕೋಶದ ದಣಪೆಯಿಂದ ಹಂದಿಗೋಡಿನವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೈತ ಬಾಂಧವರಿಗೆ ‘ಹಂದಿಗೋಡು ಕಾಯಿಲೆ’ ಎಂಬ ಹೆಸರು ಹೊಸದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಇದು ವೈದ್ಯರ ಗಮನಕ್ಕೆ ಬಂದಿತು. ಸೊಂಟ, ಮೊಣಕಾಲು, ಬೆನ್ನುಮೂಳೆಗಳಲ್ಲಿ ನೋವು ಕಾಣಿಸಿಕೊಂಡು, ಕ್ರಮೇಣ ನಡೆಯುವುದೇ ಕಷ್ಟವಾಗುತ್ತದೆ. ಕೆಲವರಲ್ಲಿ ಬೆಳವಣಿಗೆ ಕುಂಠಿತವಾಗಿ ದೇಹ ಗಿಡ್ಡವಾಗುತ್ತದೆ. ಇದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಗದ್ದೆ ತೋಟಗಳಲ್ಲಿ ದುಡಿಯುವ ಬಡ ದಲಿತ ಕುಟುಂಬದವರು. ಇದು ವಿಷದಿಂದ ಬಂದದ್ದೇ, ಅಂಟುವುದೇ, ವಂಶದಲ್ಲಿ ಇಳಿದು ಬರುವುದೇ ಎಂಬ ಪ್ರಶ್ನೆಗಳಿಗೆ ಸರಿಯಾದ ಉತ್ತರ ತಿಳಿದಿದ್ದರೆ ಅನೇಕ ಮನೆಗಳ ಭಯ ಮತ್ತು ಅವಮಾನ ಕಡಿಮೆಯಾಗುತ್ತದೆ. ಇದಕ್ಕಾಗಿ ಮೊದಲು ಜೀವಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ.

ಅಮೈನೋ ಆಮ್ಲಗಳು ಎಂದರೇನು?

ಸಸ್ಯವಾಗಲಿ ಪ್ರಾಣಿಯಾಗಲಿ, ದೇಹವನ್ನು ಕಟ್ಟುವ ಸಸಾರಜನಕ ಅಥವಾ ಪ್ರೋಟೀನು 20 ಬಗೆಯ ಅಮೈನೋ ಆಮ್ಲಗಳಿಂದ ಆದದ್ದು. ಭತ್ತದ ಪೈರಿನಲ್ಲಿ ಕಾಳು ತುಂಬುವಾಗ ಕೆಳಗಿನ ಎಲೆಗಳು ಹಳದಿಯಾಗುವುದನ್ನು ನೀವು ನೋಡಿದ್ದೀರಿ. ಆಗ ಎಲೆಯಲ್ಲಿದ್ದ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗಿ ತೆನೆಯತ್ತ ಸಾಗುತ್ತದೆ. ನಾವು ಉಂಡ ಅನ್ನ, ಬೇಳೆ, ಮೀನು, ಹಾಲುಗಳ ಪ್ರೋಟೀನು ಸಹ ಕರುಳಿನಲ್ಲಿ ಹೀಗೆಯೇ ಒಡೆಯುತ್ತದೆ. ಅಕ್ಕಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಹೆಚ್ಚು. ಅನ್ನದೊಂದಿಗೆ ಬೇಳೆ ಸಾರು ಉಣ್ಣುವ ನಮ್ಮ ರೂಢಿಗೆ ಇದೇ ಆಧಾರ.

ಜೀವಕೋಶದ ದಣಪೆ

ಜೀವಕೋಶದ ಸುತ್ತ ಕೊಬ್ಬಿನ ಅಂಶದ ತೆಳುವಾದ ಪೊರೆ ಇದೆ. ಅಮೈನೋ ಆಮ್ಲ ಇದನ್ನು ತಾನಾಗಿ ಸುಲಭವಾಗಿ ದಾಟಲಾರದು. ತೋಟದ ಬೇಲಿಗೆ ದಣಪೆ ಇರುವಂತೆ ಪೊರೆಯಲ್ಲಿ ವಾಹಕಗಳೆಂಬ ಪ್ರೋಟೀನುಗಳಿವೆ. ಒಂದೊಂದು ವಾಹಕವೂ ತನಗೆ ಹೊಂದುವ ಕೆಲವು ಅಮೈನೋ ಆಮ್ಲಗಳನ್ನು ಮಾತ್ರ ಒಳಗೆ ಬಿಡುತ್ತದೆ.

ಇದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ? ಲಿಂಗನಮಕ್ಕಿಯಲ್ಲಿ ಎತ್ತರಕ್ಕೆ ಕಟ್ಟಿ ನಿಲ್ಲಿಸಿದ ನೀರು ಕೆಳಕ್ಕಿಳಿಯುವಾಗ ಯಂತ್ರ ತಿರುಗುವುದನ್ನು ನೆನೆಯಿರಿ. ಜೀವಕೋಶವು ಶಕ್ತಿ ವ್ಯಯಿಸಿ ಸೋಡಿಯಂ ಅನ್ನು ಹೊರಕ್ಕೆ ತಳ್ಳಿ ಅಲ್ಲಿ ಹೆಚ್ಚಾಗಿರುವಂತೆ ಮಾಡುತ್ತದೆ. ಆ ಸೋಡಿಯಂ ಮತ್ತೆ ಒಳಕ್ಕೆ ಇಳಿಯುವಾಗ ಎಷ್ಟೋ ವಾಹಕಗಳು ಅದರ ಜೊತೆಗೆ ಅಮೈನೋ ಆಮ್ಲವನ್ನೂ ಒಳಗೆ ಸೆಳೆದುಕೊಳ್ಳುತ್ತವೆ. ಕರುಳು ಆಹಾರದಿಂದ ಅಮೈನೋ ಆಮ್ಲ ಹೀರುವುದೂ, ಮೂತ್ರಪಿಂಡವು ಅದು ಮೂತ್ರದಲ್ಲಿ ಪೋಲಾಗದಂತೆ ಹಿಂದಕ್ಕೆ ಪಡೆಯುವುದೂ ಬಹುಮಟ್ಟಿಗೆ ಈ ಕ್ರಮದಿಂದಲೇ.

ದಣಪೆ ಕೆಟ್ಟಾಗ

ವಾಹಕವನ್ನು ಹೇಗೆ ಕಟ್ಟಬೇಕೆಂಬ ಸೂಚನೆ ವಂಶವಾಹಿಯಲ್ಲಿದೆ. ಸೂಚನೆಯಲ್ಲಿ ತಪ್ಪಿದ್ದರೆ ವಾಹಕ ಕೆಲಸ ಮಾಡದು. ಇಂಥ ಎರಡು ಕಾಯಿಲೆಗಳನ್ನು ಉದಾಹರಣೆಗೆ ನೋಡಬಹುದು.

ಸಿಸ್ಟಿನೂರಿಯ: ಇದರಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಮೂತ್ರಪಿಂಡ ಹಿಂದಕ್ಕೆ ಪಡೆಯಲಾರದು. ಅದು ಮೂತ್ರದಲ್ಲಿ ಕರಗದೆ ಹರಳುಗಟ್ಟುತ್ತದೆ. 1810ರಲ್ಲೇ ಇಂಗ್ಲೆಂಡಿನ ವೊಲಾಸ್ಟನ್ ಇಂಥ ಕಲ್ಲೊಂದನ್ನು ಪರೀಕ್ಷಿಸಿ ಇದು ಬೇರೆ ಬಗೆಯ ವಸ್ತುವೆಂದು ತೋರಿಸಿದ. ಹಗಲು ರಾತ್ರಿ ಧಾರಾಳವಾಗಿ ನೀರು ಕುಡಿಯುವುದೇ ಇದಕ್ಕೆ ಮೊದಲ ಚಿಕಿತ್ಸೆ.

ಹಾರ್ಟ್‌ನಪ್ ಕಾಯಿಲೆ: 1956ರಲ್ಲಿ ಲಂಡನ್ನಿನ ಒಂದು ಕುಟುಂಬದಲ್ಲಿ ವರದಿಯಾಗಿ ಆ ಕುಟುಂಬದ ಹೆಸರನ್ನೇ ಪಡೆಯಿತು. ಇದರಲ್ಲಿ ಟ್ರಿಪ್ಟೊಫಾನ್ ಮೊದಲಾದ ಅಮೈನೋ ಆಮ್ಲಗಳು ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಟ್ರಿಪ್ಟೊಫಾನ್‌ನಿಂದ ನಯಾಸಿನ್ ಎಂಬ ಜೀವಸತ್ವ ತಯಾರಾಗಬೇಕು. ಅದು ಕೊರತೆಯಾದಾಗ ಬಿಸಿಲು ಬಿದ್ದ ಚರ್ಮ ಕೆಂಪಾಗಿ ಸುಲಿಯುತ್ತದೆ, ನಡಿಗೆ ತೂರಾಡುತ್ತದೆ. ಪ್ರೋಟೀನು ಹೆಚ್ಚಿರುವ ಊಟ ಮತ್ತು ನಯಾಸಿನ್ ಮಾತ್ರೆಯಿಂದ ಇದನ್ನು ಹತೋಟಿಯಲ್ಲಿಡಬಹುದು. ದೋಷ ವಂಶದಿಂದ ಬಂದರೂ ಪರಿಹಾರ ಊಟದಲ್ಲಿದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ದೇಹದೊಳಗೆ ಅಮೈನೋ ಆಮ್ಲಗಳನ್ನು ಬಳಸಿಕೊಳ್ಳುವ ಕ್ರಿಯೆಯಲ್ಲಿಯೂ ಇಂಥ ದೋಷಗಳಿರಬಹುದು. ಅವನ್ನು ಗುರುತಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದ್ದರು.

ಮರೆಯಾಗಿರುವ ದೋಷ, ಪ್ರಬಲ ದೋಷ

ಈ ವ್ಯತ್ಯಾಸ ತಿಳಿಯಲು ಭತ್ತದ ಗದ್ದೆಯೇ ಸಾಕು. 1966ರಲ್ಲಿ ಬಿಡುಗಡೆಯಾದ ಗಿಡ್ಡ ತಳಿ ಐಆರ್-8 ಅನ್ನು ಎತ್ತರದ ನಾಟಿ ತಳಿಯೊಡನೆ ಸಂಕರ ಮಾಡಿದರೆ ಮೊದಲ ಪೀಳಿಗೆಯ ಗಿಡಗಳೆಲ್ಲ ಎತ್ತರವಾಗಿಯೇ ಬೆಳೆಯುತ್ತವೆ. ಅವುಗಳ ಬೀಜ ಬಿತ್ತಿದಾಗ ಸರಾಸರಿ ನಾಲ್ಕರಲ್ಲಿ ಒಂದು ಗಿಡ ಗಿಡ್ಡವಾಗುತ್ತದೆ. ಗಿಡ್ಡತನದ ಗುಣ ಒಂದು ಪೀಳಿಗೆಯಲ್ಲಿ ಮರೆಯಾಗಿತ್ತು, ಅಷ್ಟೇ. ಹಾರ್ಟ್‌ನಪ್ ಕಾಯಿಲೆಯೂ ಹೀಗೆಯೇ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ದೋಷ ಮರೆಯಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವ. ಸೋದರಮಾವ, ಅತ್ತೆಮಗ ಮುಂತಾಗಿ ರಕ್ತಸಂಬಂಧದಲ್ಲಿ ಮದುವೆಯಾದಾಗ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು.

ಪ್ರಬಲ ದೋಷದ ರೀತಿ ಬೇರೆ. ತಂದೆ ಅಥವಾ ತಾಯಿ, ಒಬ್ಬರಲ್ಲಿದ್ದರೂ ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಹಂದಿಗೋಡು ಕಾಯಿಲೆ ಈ ಗುಂಪಿಗೆ ಸೇರಿದ್ದು.

ಏಡಿಯ ಮೇಲಿನ ಅನುಮಾನ

1975ರ ಸುಮಾರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ತನಿಖೆ ನಡೆಸಿದರು. ಆಗ ಗದ್ದೆಗಳಿಗೆ ಎಂಡ್ರಿನ್‌ನಂಥ ಕೀಟನಾಶಕ ಹೊಡೆಯುತ್ತಿದ್ದರು. ಅಂಥ ಗದ್ದೆಯ ಏಡಿ ತಿಂದದ್ದರಿಂದ ಕಾಯಿಲೆ ಬಂದಿರಬಹುದು ಎಂಬ ಅನುಮಾನ ಬಲವಾಗಿತ್ತು. ಅನುಮಾನಕ್ಕೆ ಕಾರಣವೂ ಇತ್ತು: ಏಡಿ ಹಿಡಿದು ತಿನ್ನುವವರು, ಕಾಯಿಲೆ ಬಿದ್ದವರು ಒಂದೇ ಕೇರಿಯವರು. ಆದರೆ ಒಂದೇ ಕೇರಿಯವರು ತಮ್ಮೊಳಗೇ ಹೆಣ್ಣು ಕೊಟ್ಟು ತರುತ್ತಾರೆ. ಆದ್ದರಿಂದ ಊಟ, ದುಡಿಮೆ, ರಕ್ತ ಮೂರೂ ಒಂದೇ ಕಡೆ ಕೂಡಿಕೊಂಡು, ಕಾರಣ ಯಾವುದೆಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು.

ಮುಂದೆ ಡಾ. ಎಸ್. ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ಕುಟುಂಬಗಳ ವಂಶಾವಳಿ ಹಾಗೂ ಕ್ಷಕಿರಣ ಚಿತ್ರಗಳನ್ನು ಅಭ್ಯಸಿಸಿದರು. ಇದು ಮೂಳೆಯ ತುದಿಗಳ ಮತ್ತು ಬೆನ್ನುಮೂಳೆಯ ಬೆಳವಣಿಗೆಯ ದೋಷವೆಂದೂ, ಪ್ರಬಲ ಗುಣವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆಂದೂ 1994ರಲ್ಲಿ ಪ್ರಕಟಿಸಿದರು. ಅವರು ಇದರಲ್ಲಿ ಮೂರು ಬಗೆಗಳನ್ನು ಗುರುತಿಸಿದರು: ಮುಖ್ಯವಾಗಿ ಸೊಂಟದ ಕೀಲು ಸವೆಯುವುದು, ಗಿಡ್ಡ ದೇಹದೊಂದಿಗೆ ಬೆನ್ನುಮೂಳೆಯೂ ಕೆಡುವುದು, ಇವುಗಳ ಜೊತೆಗೆ ಮೊಣಕಾಲು ಸೊಟ್ಟಗಾಗುವುದು.

ಹೀಗಾಗಿ ಹಂದಿಗೋಡು ಕಾಯಿಲೆ ಅಮೈನೋ ಆಮ್ಲದ ವಾಹಕ ಕೆಟ್ಟು ಬರುವ ಕಾಯಿಲೆಯಲ್ಲ. ಹಾರ್ಟ್‌ನಪ್‌ನಂತೆ ಊಟ ಬದಲಿಸಿ ಇದನ್ನು ನಿಲ್ಲಿಸಲಾಗದು. ‘ಇಂಥ ಪುಡಿ ತಿಂದರೆ ಮೂಳೆ ಸರಿಹೋಗುತ್ತದೆ’ ಎನ್ನುವವರ ಮಾತಿಗೆ ಹಣ ಸುರಿಯಬೇಡಿ. ಕೀಟನಾಶಕದ ವಿಷಯದಲ್ಲಿ ಎಚ್ಚರ ಮಾತ್ರ ಎಂದಿನಂತೆಯೇ ಇರಲಿ. ಔಷಧಿ ಹೊಡೆದ ಗದ್ದೆಯ ಏಡಿ, ಮೀನು ತಿನ್ನುವುದು ಇಂದಿಗೂ ಅಪಾಯವೇ.

ಮನೆಯವರು ತಿಳಿದಿರಬೇಕಾದ ಅಂಶಗಳು

1. ಈ ಕಾಯಿಲೆ ಅಂಟುವುದಿಲ್ಲ. ಜೊತೆಗೆ ಕೂತು ಉಣ್ಣುವುದರಿಂದ, ಮುಟ್ಟುವುದರಿಂದ, ಒಂದೇ ಬಾವಿಯ ನೀರಿನಿಂದ ಹರಡುವುದಿಲ್ಲ.

2. ಇದು ಶಾಪವಲ್ಲ, ಯಾರ ತಪ್ಪೂ ಅಲ್ಲ. ಗಂಡಿನಿಂದಲೂ ಬರಬಹುದು, ಹೆಣ್ಣಿನಿಂದಲೂ ಬರಬಹುದು. ಸೊಸೆಯನ್ನು ದೂಷಿಸುವುದು ಸಲ್ಲದು.

3. ಲಕ್ಷಣಗಳು ಹುಟ್ಟಿನಲ್ಲೇ ಕಾಣದಿರಬಹುದು. ಕುಟುಂಬದಲ್ಲಿ ಕಾಯಿಲೆ ಇದ್ದು, ಬೆಳೆಯುವ ಮಕ್ಕಳಿಗೆ ಸೊಂಟ ಅಥವಾ ಮೊಣಕಾಲು ನೋವು ಬಂದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.

4. ಕಾಯಿಲೆಯನ್ನು ಬೇರುಸಹಿತ ಗುಣಪಡಿಸುವ ಔಷಧಿ ಇಲ್ಲ. ಆದರೆ ನೋವು ತಗ್ಗಿಸುವ ಚಿಕಿತ್ಸೆ, ವ್ಯಾಯಾಮ, ಅಗತ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆಗಳಿಂದ ಉಪಯೋಗವಿದೆ.

5. ಮದುವೆ, ಮಕ್ಕಳ ಬಗ್ಗೆ ನಿರ್ಧರಿಸುವ ಮೊದಲು ಆನುವಂಶಿಕ ತಜ್ಞರ ಸಲಹೆ ಪಡೆಯಿರಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ.

6. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಚಲನ ದೋಷ ಮತ್ತು ಕುಬ್ಜತೆ ಎರಡೂ ಸೇರಿವೆ. ವೈದ್ಯಕೀಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ ಮಾಡಿಸಿಕೊಂಡು, ಸಿಗಬೇಕಾದ ಮಾಸಾಶನ ಪಡೆಯಿರಿ.

ತೋಟದ ಒಡೆಯರಲ್ಲಿ ಒಂದು ಮಾತು. ನಿಮ್ಮಲ್ಲಿ ದುಡಿಯುವವರಲ್ಲಿ ಇಂಥ ನೋವಿರುವವರಿದ್ದರೆ ಹೊರೆ ಹೊರುವ, ಬಗ್ಗಿ ನಾಟಿ ಮಾಡುವ ಕೆಲಸದ ಬದಲು ಕೂತು ಮಾಡುವ ಅಡಿಕೆ ಸುಲಿಯುವಂಥ ಕೆಲಸ ಕೊಡಿ; ಕೂಲಿಯಲ್ಲಿ ಕಡಿತ ಮಾಡಬೇಡಿ.