ಗಾಯವಿಲ್ಲದೆ ಕಟ್ಟುವ ಹೆಪ್ಪು

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಜೀವರಕ್ಷಕ ಕ್ರಿಯೆ. ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳು ಗುಂಪುಗೂಡುತ್ತವೆ. ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆದು ಸೋರಿಕೆ ತಡೆಯುತ್ತವೆ. ಕೊರೊನಾ ಸೋಂಕಿನಲ್ಲಿ ಗಾಯವಿಲ್ಲದಿದ್ದರೂ ಇದೇ ಕ್ರಿಯೆ ನಡೆಯುವುದುಂಟು. ಉರಿಯೂತದಿಂದ ರಕ್ತನಾಳಗಳ ನುಣುಪಾದ ಒಳಪದರ ಕೆಟ್ಟು, ಅಲ್ಲಿ ಹೆಪ್ಪು ಕಟ್ಟುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ಧಮನಿಗಳ ಒಳ ಅಗಲ ಸುಮಾರು 3–4 ಮಿಲಿಮೀಟರ್ ಮಾತ್ರ. ಪುಟ್ಟ ಹೆಪ್ಪೊಂದು ಅಡ್ಡಬಂದರೂ ಹೃದಯಾಘಾತವಾದೀತು.

2021ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು, ಸೋಂಕಿನ ಮೊದಲ ಎರಡು ವಾರಗಳಲ್ಲಿ ಈ ಅಪಾಯ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆಂದು ತೋರಿಸಿತು. ಆದ್ದರಿಂದ ಜ್ವರ ಬಿಟ್ಟ ಮೇಲೂ ಎದೆಬಿಗಿತ, ಏದುಸಿರು ಕಾಣಿಸಿಕೊಂಡರೆ ‘ಗ್ಯಾಸ್’ ಎಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ರಕ್ತಸ್ರಾವವಾದರೆ ಕಾಪಾಡಬೇಕಾದ್ದು ಇದೇ ಹೆಪ್ಪು!