ಕೊಟ್ಟಿಗೆ ಗೊಬ್ಬರಕ್ಕೆ ಜೀವಾಣುಗಳ ಬಲ

ನಿಮ್ಮ ತಿಪ್ಪೆಯ ಬೆಲೆ ಎಷ್ಟೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಚೆನ್ನಾಗಿ ಕಳಿತ ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕಿ.ಗ್ರಾಂ. ಸಾರಜನಕ, 2 ಕಿ.ಗ್ರಾಂ. ರಂಜಕ ಹಾಗೂ 5 ಕಿ.ಗ್ರಾಂ. ಪೊಟ್ಯಾಷ್ ಇರುತ್ತವೆ. ಅಂದರೆ ನಾಲ್ಕು ಟನ್ ಗೊಬ್ಬರದಲ್ಲಿ 45 ಕಿ.ಗ್ರಾಂ.ನ ಒಂದು ಚೀಲ ಯೂರಿಯಾದಷ್ಟು ಸಾರಜನಕವಿದೆ. ಆದರೆ ಬಿಸಿಲು ಮಳೆಗೆ ಮೈಯೊಡ್ಡಿದ ತಿಪ್ಪೆಯಲ್ಲಿ ಇಷ್ಟೂ ಉಳಿಯುವುದಿಲ್ಲ. ಸ್ವಲ್ಪ ಭಾಗ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ, ಉಳಿದದ್ದರಲ್ಲಿ ಕೆಲವಂಶ ಮಳೆನೀರಿನೊಡನೆ ಹರಿದುಹೋಗುತ್ತದೆ. ಆದುದರಿಂದ ಮೊದಲು ಗೊಬ್ಬರವನ್ನು ಗುಂಡಿಯಲ್ಲಿ, ನೆರಳಿನಲ್ಲಿ ಕಾಪಾಡಿರಿ. ಅನಂತರ ಜೀವಾಣುಗಳನ್ನು ಸೇರಿಸಿ ಅದರ ಸತ್ವವನ್ನು ಹೆಚ್ಚಿಸಿರಿ.

ಯಾವ ಜೀವಾಣು, ಏನು ಕೆಲಸ?

ಅಜಟೋಬ್ಯಾಕ್ಟರ್ ಮತ್ತು ಅಜೋಸ್ಪಿರಿಲಂ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದಿಡುತ್ತವೆ. ರಂಜಕ ಕರಗಿಸುವ ಜೀವಾಣುಗಳು ಸಾವಯವ ಆಮ್ಲಗಳನ್ನು ಸ್ರವಿಸಿ, ಕರಗದ ರಂಜಕವನ್ನು ಬೇರುಗಳಿಗೆ ದೊರೆಯುವಂತೆ ಮಾಡುತ್ತವೆ. ಇವು ಹೊಸದಾಗಿ ರಂಜಕವನ್ನು ಸೃಷ್ಟಿಸುವುದಿಲ್ಲ ಎಂಬುದು ನೆನಪಿರಲಿ. ರಂಜಕದ ಅಂಶವನ್ನೇ ಹೆಚ್ಚಿಸಬೇಕಾದರೆ, ಗುಂಡಿ ತುಂಬುವಾಗ ಪದರ ಪದರಕ್ಕೂ ಶಿಲಾರಂಜಕದ ಪುಡಿಯನ್ನು ಉದುರಿಸಬೇಕು. ಟ್ರೈಕೋಡರ್ಮಾ ಶಿಲೀಂಧ್ರವು ಬೇರುಕೊಳೆ, ಸೊರಗು ರೋಗಗಳ ಹತೋಟಿಗೆ ನೆರವಾಗುತ್ತದೆ.

ಸೇರಿಸುವ ಕ್ರಮ

ಗೊಬ್ಬರ ಪೂರ್ತಿ ಕಳಿತು ತಣ್ಣಗಾಗಿರಬೇಕು. ರಾಶಿಯೊಳಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೊರತೆಗೆದು ಮುಟ್ಟಿ ನೋಡಿರಿ. ಬಿಸಿಯಿದ್ದರೆ ಕಾಯಿರಿ. ಕಳಿಯುತ್ತಿರುವ ರಾಶಿಯ ಶಾಖ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಅದರಲ್ಲಿ ಹಾಕಿದ ಜೀವಾಣು ಸಾಯುತ್ತದೆ, ನಿಮ್ಮ ಹಣವೂ ಮಣ್ಣುಪಾಲಾಗುತ್ತದೆ.

ಒಂದು ಟನ್ ಗೊಬ್ಬರಕ್ಕೆ ಸಾರಜನಕ ಸ್ಥಿರೀಕರಿಸುವ ಜೀವಾಣು 1 ಕಿ.ಗ್ರಾಂ. ಮತ್ತು ರಂಜಕ ಕರಗಿಸುವ ಜೀವಾಣು 1 ಕಿ.ಗ್ರಾಂ. ಸಾಕು. ಇವನ್ನು ಮೊದಲು ಒಂದು ಮಂಕರಿ ಪುಡಿಗೊಬ್ಬರದಲ್ಲಿ ಬೆರೆಸಿ, ಬಳಿಕ ರಾಶಿಗೆಲ್ಲ ಹರಡಿ ಕಲಸಿರಿ. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವವಿರಲಿ. ನೆರಳಿನಲ್ಲಿ ಗೋಣಿತಾಟು ಮುಚ್ಚಿ, ವಾರಕ್ಕೊಮ್ಮೆ ತಿರುವಿಹಾಕಿರಿ. ಸುಮಾರು 20 ದಿನಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಟ್ರೈಕೋಡರ್ಮಾ ಬೇಕಾದಲ್ಲಿ ಬೇರೆಯಾಗಿ, 100 ಕಿ.ಗ್ರಾಂ. ಗೊಬ್ಬರಕ್ಕೆ 1 ಕಿ.ಗ್ರಾಂ.ನಂತೆ ಬೆರೆಸಿ ಒಂದೆರಡು ವಾರ ಇಡಬಹುದು.

ಎಚ್ಚರಿಕೆಗಳು

ಪೊಟ್ಟಣದ ಮೇಲಿನ ಅವಧಿಯ ದಿನಾಂಕವನ್ನು ನೋಡಿಯೇ ಕೊಳ್ಳಿರಿ. ಪೊಟ್ಟಣವನ್ನು ಬಿಸಿಲಿನಲ್ಲಿಡಬೇಡಿ. ರಾಸಾಯನಿಕ ಗೊಬ್ಬರ, ರೋಗನಾಶಕಗಳೊಡನೆ ಇದನ್ನು ಬೆರೆಸಬೇಡಿ. ಸಂಜೆಯ ಹೊತ್ತು, ಹದವಿರುವ ನೆಲಕ್ಕೆ ಹಾಕಿ ಕೂಡಲೇ ಮಣ್ಣು ಮುಚ್ಚಿರಿ.

ಇದರಿಂದ ರಸಗೊಬ್ಬರವನ್ನು ಪೂರ್ತಿಯಾಗಿ ಬಿಡಬಹುದೆಂದು ಭಾವಿಸಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ನಡೆಯಿರಿ. ಈ ಸಲ ಅರ್ಧ ಎಕರೆಯಲ್ಲಿ ಮಾಡಿ, ಪಕ್ಕದ ಬೆಳೆಯೊಡನೆ ಹೋಲಿಸಿ ನೋಡಿರಿ. ನಿಮ್ಮ ಕಣ್ಣೇ ನಿಮಗೆ ಸಾಕ್ಷಿ ಹೇಳಲಿ.