ಕೊಂಬೆ ಹೋಗಿ ಕೊಂಬು ಬಂತು

ಚಿತ್ರದಲ್ಲಿರುವುದು ಒಂದು ಮರ. ಮೇಲೆ ಮೂರು ಕೊಂಬೆ, ಕೆಳಗೆ ಬೇರು. ಇಷ್ಟೇ ಆಗಿದ್ದರೆ ನಾನು ಪುಟ ಮಗುಚುತ್ತಿದ್ದೆ. ಆದರೆ ಕಾಂಡದಲ್ಲಿ ಬಾಯೊಂದು ತೆರೆದುಕೊಂಡಿದೆ. ಅದರಿಂದ ಸುರುಳಿಯೊಂದು, ಎಳೆ ಬಳ್ಳಿಯ ಕುಡಿಯಂತೆ ಬಾಗಿ, ಹೊರಬಿದ್ದಿದೆ.

ಮೆಕ್ಸಿಕೋದ ಮೊರೆಲೋಸ್ ರಾಜ್ಯದ ರಾಜಧಾನಿ ಕ್ವೆರ್ನವಾಕಾ ನಗರದ ಲಾಂಛನ ಇದು. ಅದೇ ದೇಶದ ಗ್ವಾದಲಹಾರಾ ನಗರಕ್ಕೆ 1539ರಲ್ಲಿ ಸ್ಪೇನಿನ ದೊರೆ ದಯಪಾಲಿಸಿದ ಲಾಂಛನದಲ್ಲಿ ಮರದ ಎರಡೂ ಪಕ್ಕ ಸಿಂಹಗಳಿವೆ. ಇಲ್ಲಿನ ಮರಕ್ಕೆ ಕಾವಲಿಲ್ಲ, ಬಾಯಿದೆ.

ಊರಿನ ಹಳೆಯ ಹೆಸರು ಕ್ವಾವ್ನಾವಾಕ್. ನಾವಾತ್ಲ್ ಭಾಷೆಯಲ್ಲಿ ‘ಕ್ವಾವಿತ್ಲ್’ ಎಂದರೆ ಮರ, ‘ನಾವಾಕ್’ ಎಂದರೆ ಹತ್ತಿರ. ಮರಗಳ ಬಳಿಯ ಊರು. ಮರವನ್ನೇನೋ ಬರೆಯಬಹುದು; ‘ಹತ್ತಿರ’ವನ್ನು ಬರೆಯುವುದು ಹೇಗೆ? ಬರೆಯುವವನಿಗೂ ಚಿತ್ರ ಬಿಡಿಸುವವನಿಗೂ ಆ ಭಾಷೆಯ ಜನರಲ್ಲಿ ಒಂದೇ ಹೆಸರು, ತ್ಲಾಕ್ವಿಲೋ. ಅವನು ಸದ್ದಿನಲ್ಲಿ ಹತ್ತಿರದ ಇನ್ನೊಂದು ಪದ ಹಿಡಿದ: ‘ನಾವಾತ್ಲ್’, ಅಂದರೆ ಸ್ಪಷ್ಟವಾಗಿ ಇಂಪಾಗಿ ಕೇಳುವ ನುಡಿ. ಮಾತನ್ನು ತೋರಿಸಲು ಬಾಯಿಂದ ಸುರುಳಿ ಎಳೆಯುವುದು ಅಲ್ಲಿನ ರೂಢಿ. ಅದನ್ನು ತಂದು ಮರಕ್ಕೆ ಅಂಟಿಸಿದ. ನಾವು ‘ಹತ್ತಿರ’ ಎನ್ನಲು ಹತ್ತಿಕಾಯಿ ಬರೆದಂತೆ!

ಹಾಗಾಗಿ ಮಾತಾಡುವ ಮರ ಎಂದು ಪುರಾಣ ಹುಡುಕಿ ಹೋಗಬೇಕಿಲ್ಲ. ಇದು ಕಾಗುಣಿತ. ನನಗಂತೂ ಪುರಾಣಕ್ಕಿಂತ ಇದೇ ಹೆಚ್ಚು ರುಚಿಸಿತು. ಆ ಜನರ ಭಾಷೆಯ ಹೆಸರೂ ನಾವಾತ್ಲ್ ತಾನೆ? ಮರದ ಬಾಯಲ್ಲಿರುವುದು ತನ್ನ ನುಡಿಯ ಹೆಸರೇ.

ಸ್ಪ್ಯಾನಿಷರು ಬಂದ ಮೇಲೆ, 1540ರ ದಶಕದ ಸುಮಾರಿಗೆ, ಸ್ಥಳೀಯ ಲಿಪಿಕಾರರು ಬರೆದ ಮೆಂದೋಸಾ ಸಂಪುಟದಲ್ಲಿ ಈ ಗುರುತು ಇದೆ. ಅಜ್ಟೆಕ್ ದೊರೆಗಳು ಗೆದ್ದ ಊರುಗಳ ನಡುವೆಯೂ ಇದೆ, ಬಟ್ಟೆ, ಕಾಗದಗಳ ಕಪ್ಪದ ಲೆಕ್ಕದಲ್ಲೂ ಇದೆ. ಆ ಸಂಪುಟ ಈಗ ಆಕ್ಸ್‌ಫರ್ಡಿನ ಬೊಡ್ಲಿಯನ್ ಗ್ರಂಥಾಲಯದಲ್ಲಿದೆ.

ಊರಿನ ಸುತ್ತ ಆಳವಾದ ಕಮರಿಗಳು. 1521ರ ಏಪ್ರಿಲ್‌ನಲ್ಲಿ ಸ್ಪ್ಯಾನಿಷ್ ದಂಡನಾಯಕ ಕೊರ್ತೆಸ್ ದಂಡೆತ್ತಿ ಬಂದಾಗ ಊರಿನವರು ಸೇತುವೆಗಳನ್ನು ಕಿತ್ತುಹಾಕಿದ್ದರು. ದಂಡಿನವರು ಕಮರಿಯ ಮೇಲೆ ಬಾಗಿದ್ದ ಮರಗಳನ್ನು ಹಿಡಿದು ದಾಟಿದರು. ಮರದ ಹೆಸರಿನ ಊರು ಮರದಿಂದಲೇ ಬಿತ್ತು. ಕೊರ್ತೆಸ್ ಅಲ್ಲಿ ಕಟ್ಟಿಸಿದ ಅರಮನೆಯ ಗೋಡೆಯ ಮೇಲೆ ಮೆಕ್ಸಿಕೋದ ಕಲಾವಿದ ದಿಯೆಗೋ ರಿವೇರಾ 1930ರಲ್ಲಿ ಮುಗಿಸಿದ ಚಿತ್ರಗಳಲ್ಲಿ ಆ ದಾಟುವಿಕೆಯೂ ಇದೆ.

ಗೆದ್ದವರ ನಾಲಿಗೆಗೆ ಕ್ವಾವ್ನಾವಾಕ್ ಹೊರಳಲಿಲ್ಲ. ಅದು ಕ್ವೆರ್ನವಾಕಾ ಆಯಿತು. ಸ್ಪ್ಯಾನಿಷ್ ಕಿವಿಗೆ ಅದು ‘ಹಸುವಿನ ಕೊಂಬು’ ಎಂದಂತೆ ಕೇಳುತ್ತದೆ. ಅವರು ಕರೆತರುವವರೆಗೆ ಆ ಕಣಿವೆ ಹಸುವನ್ನೇ ಕಂಡಿರಲಿಲ್ಲ.

ಇವತ್ತು ನಗರದ ಬೀದಿಗಳ ಮಾತು ಸ್ಪ್ಯಾನಿಷ್. ಮೊರೆಲೋಸ್‌ನಲ್ಲಿ ನಾವಾತ್ಲ್ ಕೇಳಬೇಕೆಂದರೆ ಕ್ವೆಂತೆಪೆಕ್, ಪೊಪೊಕತೆಪೆತ್ಲ್ ಜ್ವಾಲಾಮುಖಿಯ ಮಗ್ಗುಲಿನ ವೆಯಾಪಾನ್‌ನಂಥ ಊರುಗಳಿಗೆ ಹೋಗಬೇಕು. ನಗರದ ಲಾಂಛನದಲ್ಲಿ ಮರ ಬಾಯಿ ತೆರೆದೇ ನಿಂತಿದೆ, ಹಸುವಿನ ಕೊಂಬಿನ ಹೆಸರು ಹೊತ್ತು.